ಹೆಂಚಿನ ಮೇಲಿನ ಇಸವಿ

ಹಳೆಯ ಮನೆ ಕೆಡವಿದಲ್ಲಿ ಸಿಕ್ಕ ಮಂಗಳೂರು ಹೆಂಚನ್ನು ಮಗುಚಿ ನೋಡಿ, ಅದರಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಎಂಬ ಉಬ್ಬಕ್ಷರ ಕಂಡೊಡನೆ ಮನೆಯ ವಯಸ್ಸನ್ನು ಲೆಕ್ಕ ಹಾಕಿಬಿಡುವವರಿದ್ದಾರೆ. ಮಾರುವವನೂ ಅದೇ ಲೆಕ್ಕ ಹೇಳಿ ಬೆಲೆ ಏರಿಸುತ್ತಾನೆ. ಆದರೆ ಆ ಇಸವಿ ಹೆಂಚಿನದಲ್ಲ, ಕಾರ್ಖಾನೆಯದು. ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕೆಲಸ ಆರಂಭಿಸಿದ್ದು 1865ರಲ್ಲಿ. ದಶಕಗಳ ನಂತರ ಅಚ್ಚಿನಿಂದ ಹೊರಬಂದ ಹೆಂಚೂ ಅದೇ ಇಸವಿಯನ್ನು ಹೊತ್ತಿತು. ಇಂದಿನ ಅಂಗಡಿಯ ಬೋರ್ಡಿನಲ್ಲಿ ಸ್ಥಾಪನೆಯ ವರ್ಷ ಬರೆಸಿದಂತೆಯೇ ಇದು!

ಇಸವಿಗಿಂತ ಹೆಸರೇ ಇಲ್ಲಿ ಹೆಚ್ಚು ಹೇಳುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ಶತ್ರುವಿನ ಆಸ್ತಿಯೆಂದು ವಶಪಡಿಸಿಕೊಂಡಿತು. ಅವು ಬಳಿಕ ಕಾಮನ್‌ವೆಲ್ತ್ ಟ್ರಸ್ಟ್‌ನ ಕೈ ಸೇರಿದವು. ಟ್ರಸ್ಟಿನ ಹೆಸರಿರುವ ಹೆಂಚು ಯುದ್ಧಕ್ಕಿಂತ ಹಳೆಯದಾಗಿರಲಾರದು.

ಹಿತ್ತಾಳೆ ಹೂದಾನಿ, ತಟ್ಟೆಗಳ ತಳದಲ್ಲಿ ಬರೀ 'ಇಂಡಿಯಾ' ಎಂದಿರುವುದಕ್ಕೂ ಒಂದು ಕತೆಯಿದೆ. ಆಮದಾಗುವ ಸರಕಿನ ಮೇಲೆ ಮೂಲ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕೆಂದು ಅಮೆರಿಕದ 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ ವಿಧಿಸಿತು. 1891ರ ಮಾರ್ಚ್‌ನಿಂದ ಅದು ಜಾರಿಗೆ ಬಂತು. ಹಾಗಾಗಿ ಇಂಥ ಮುದ್ರೆಯುಳ್ಳ ವಸ್ತು ಸಾಮಾನ್ಯವಾಗಿ ಆ ನಂತರದ್ದು, ಹೊರದೇಶಕ್ಕೆಂದೇ ತಯಾರಾದದ್ದು. ಮುದ್ರೆ ಇಲ್ಲವೆಂದ ಮಾತ್ರಕ್ಕೆ ಅದಕ್ಕೂ ಹಳೆಯದೆನ್ನುವುದು ಮಾತ್ರ ತಪ್ಪು. ನಮ್ಮ ಅಜ್ಜಿಯರ ತಂಬಿಗೆಗೆ ಅಮೆರಿಕದ ಸುಂಕದ ಕಟ್ಟೆ ದಾಟುವ ಕೆಲಸವಿರಲಿಲ್ಲವಲ್ಲ.

ಬೆಳ್ಳಿಯಲ್ಲಿ ಗೊಂದಲ ಇನ್ನೂ ಹೆಚ್ಚು. ಇಂಗ್ಲೆಂಡಿನಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಅಧಿಕೃತ ಕಚೇರಿಗಳಿದ್ದವು. ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪನಿಯವರು ಆನೆಯ ಚಿತ್ರ, ಅಕ್ಷರಗಳನ್ನು ತಾವೇ ಒತ್ತಿದರು. ನೋಡಲು ಸರ್ಕಾರಿ ಮುದ್ರೆಯಂತಿದ್ದರೂ ಅದು ಅಂಗಡಿಯ ಮಾತೇ ಹೊರತು ಸರ್ಕಾರದ ಖಾತ್ರಿಯಲ್ಲ. ಕಚ್ಛದ ಖ್ಯಾತ ಕುಶಲಕರ್ಮಿ ಊಮರ್ಸಿ ಮಾವ್ಜಿ ತನ್ನ ಕೆಲಸದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಒ.ಎಂ.' ಮತ್ತು 'ಭುಜ್' ಎಂದಷ್ಟೇ ಒತ್ತಿದ.

ದೇಶದ ಹೆಸರು ಬದಲಾದದ್ದೂ ನೆರವಿಗೆ ಬರುತ್ತದೆ. 'ಸಿಲೋನ್' ಎಂದು ಕೊರೆದ ಆನೆಬೊಂಬೆ ಬಹುಶಃ 1972ಕ್ಕಿಂತ ಹಿಂದಿನದು. ಆ ವರ್ಷ ದೇಶ ಶ್ರೀಲಂಕಾ ಆಯಿತು. 'ಬಹುಶಃ' ಎನ್ನಲು ಕಾರಣವಿದೆ: ಹಳೆಯ ಹೆಸರಿನ ಅಚ್ಚನ್ನು ಇಂದು ಯಾರು ಬೇಕಾದರೂ ಮಾಡಿಸಬಹುದು. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ರಾಮ ಸೀತೆಯರ ಚಿತ್ರವಿರುವ ನಾಣ್ಯಗಳು ಜಾತ್ರೆಗಳಲ್ಲೂ ಸಿಗುತ್ತವೆ. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇರಲಿಲ್ಲ.

ಲೆಕ್ಕ ತಪ್ಪಿದರೆ ನಷ್ಟ ಹಣದ್ದಷ್ಟೇ ಅಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಮನೆಯ ಬೆಳ್ಳಿ ಬಟ್ಟಲು ಕಳಿಸುವ ಮುನ್ನ ಅದರ ತಳವನ್ನೊಮ್ಮೆ ಭೂತಗನ್ನಡಿಯಲ್ಲಿ ನೋಡಿ, ಬಲ್ಲವರಿಗೂ ತೋರಿಸುವುದು ಒಳ್ಳೆಯದು.