ಸರ್ವರಿನ ಸ್ಮರಣಮಿತಿ: ದೋಷವೂ ಪರಿಹಾರವೂ

ವಿದ್ಯಾಸಂಸ್ಥೆಗಳು ತಮ್ಮ ಪ್ರಕಟಣೆ, ಫಲಿತಾಂಶ, ಉತ್ಸವಗಳ ಛಾಯಾಚಿತ್ರ ಮೊದಲಾದುವನ್ನು ಜಾಲತಾಣದ ಮೂಲಕ ಲೋಕಕ್ಕೆ ಅರುಹುವುದು ಇಂದು ರೂಢಿಯಾಗಿದೆ. ಇಂಥ ತಾಣಗಳಲ್ಲಿ ಅನೇಕವು ಪಿ.ಎಚ್.ಪಿ. ಎಂಬ ಗಣಕಭಾಷೆಯನ್ನು ಆಶ್ರಯಿಸಿವೆ. ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಬಹಿರಂಗಗೊಳಿಸಿದ ಭಾಷೆಯಿದು. ಇದರಲ್ಲಿ ಬರೆದ ತಾಣವು ಒಮ್ಮೊಮ್ಮೆ ತೆರೆಯದೆ, '13,42,17,728 ಬೈಟುಗಳ ಸ್ಮರಣೆ ತೀರಿತು' ಎಂಬ ಅರ್ಥದ ಸೂಚನೆಯನ್ನು ತೋರುವುದುಂಟು. ಸೂಚನೆಯನ್ನು ಮರೆಮಾಡಿದ್ದರೆ ಬರಿಯ ಬಿಳಿಯ ಪುಟ ಉಳಿಯುವುದು. ಈ ದೋಷದ ಸ್ವರೂಪವನ್ನೂ ನಿವಾರಣೆಯನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಮೊದಲು ಈ ಸಂಖ್ಯೆಯ ಅರ್ಥವೇನು? 128ನ್ನು 1024ರಿಂದ ಎರಡು ಬಾರಿ ಗುಣಿಸಿದರೆ ಬರುವ ಮೊತ್ತವೇ ಇದು. ಅಂದರೆ 128 ಮೆಗಾಬೈಟು. ಒಂದು ಪುಟವನ್ನು ಸಿದ್ಧಪಡಿಸುವ ಒಂದು ಕ್ರಮವಿಧಿಯು ಇದಕ್ಕಿಂತ ಹೆಚ್ಚು ಮೆಮೊರಿಯನ್ನು ಬಳಸಕೂಡದೆಂದು ಭಾಷೆಯೇ ವಿಧಿಸಿರುವ ಸಾಮಾನ್ಯ ಮಿತಿಯಿದು. ಏಕಕಾಲಕ್ಕೆ 30 ಕ್ರಮವಿಧಿಗಳು ಮಿತಿಯ ತುದಿಯನ್ನು ಮುಟ್ಟಿದರೆ 3,840 ಮೆಗಾಬೈಟು ಬೇಕು. ಮಿತಿಯನ್ನು 512ಕ್ಕೆ ಏರಿಸಿದರೆ ಆ ಬೇಡಿಕೆ 15,360 ಆಗಬಹುದು. 4 ಗಿಗಾಬೈಟಿನ ಯಂತ್ರ ಇದನ್ನು ತಾಳದು. ಆಗ ಒಂದು ಪುಟವಲ್ಲ, ಇಡೀ ತಾಣವೇ ನಿಲ್ಲುವ ಅಪಾಯವಿದೆ. ಆದುದರಿಂದ ಮಿತಿಯು ಅಡ್ಡಿಯಲ್ಲ, ಕೆರೆಗೆ ಕಟ್ಟಿದ ಏರಿಯಂತೆ ರಕ್ಷಣೆ. ಮಿತಿಯೇ ಬೇಡವೆಂದು -1 ಎಂದು ಬರೆಯುವುದು ಏರಿಯನ್ನು ಒಡೆದಂತೆ.

ದೋಷ ಕಂಡಾಗ ಮಿತಿಯನ್ನು ಏರಿಸುವ ಮೊದಲು ಕಾರಣವನ್ನು ಅರಸಬೇಕು. ಸೂಚನೆಯಲ್ಲಿ ಕಡತದ ಹೆಸರೂ ಸಾಲಿನ ಸಂಖ್ಯೆಯೂ ಇರುತ್ತವೆ. ಆದರೆ ಅದು ಮೆಮೊರಿ ತೀರಿದ ಸ್ಥಳವೇ ಹೊರತು ಅದನ್ನು ತಿಂದ ಸ್ಥಳವೆಂದು ನಂಬಲಾಗದು. ತುಂಬಿದ ಕಣಜಕ್ಕೆ ಸುರಿದ ಕೊನೆಯ ಸೇರು ಮಾತ್ರ ಕೆಳಗೆ ಚೆಲ್ಲುವುದಲ್ಲವೆ? ಕೊನೆಗೆ ಕೇಳಿದ ಬೈಟುಗಳ ಸಂಖ್ಯೆ ಬಹು ದೊಡ್ಡದಾಗಿದ್ದರೆ ಯಾವುದೋ ಒಂದು ಭಾರಿ ವಸ್ತುವೂ, ಅಲ್ಪವಾಗಿದ್ದರೆ ಕ್ರಮೇಣ ಬೆಳೆದ ಶೇಖರಣೆಯೂ ಕಾರಣವೆಂದು ಪ್ರಾಯಶಃ ಊಹಿಸಬಹುದು.

ಭಾರಿ ವಸ್ತುಗಳಲ್ಲಿ ಛಾಯಾಚಿತ್ರವೇ ಪ್ರಮುಖ. ಅಡ್ಡಕ್ಕೆ 4,000, ಉದ್ದಕ್ಕೆ 3,000 ಬಿಂದುಗಳುಳ್ಳ ಚಿತ್ರದಲ್ಲಿ 1.2 ಕೋಟಿ ಬಿಂದುಗಳಿವೆ. ಕಡತವಾಗಿ ಅದು ಮೂರು ನಾಲ್ಕು ಮೆಗಾಬೈಟಿನಷ್ಟೇ ಇರಬಹುದು. ಕಿರಿದಾಗಿಸಲೆಂದು ಬಿಚ್ಚಿದಾಗ ಬಿಂದುವೊಂದಕ್ಕೆ 4 ಬೈಟಿನಂತೆ 4.8 ಕೋಟಿ ಬೈಟು ಬೇಕಾಗುತ್ತದೆ. ಇಂಥ ಮೂರು ಚಿತ್ರಗಳನ್ನು ಒಟ್ಟಿಗೆ ಹಿಡಿದರೆ ಮಿತಿ ಮೀರಿತು. ಏರಿಸುವ ಮುನ್ನವೇ ಚಿತ್ರವನ್ನು ಚಿಕ್ಕದಾಗಿಸುವುದು, ಒಂದೊಂದನ್ನೇ ಸಂಸ್ಕರಿಸಿ ಬಿಡುಗಡೆ ಮಾಡುವುದು ಇದಕ್ಕೆ ಪರಿಹಾರ.

ದೀರ್ಘ ಪಟ್ಟಿಗಳದು ಶೇಖರಣೆಯ ದೋಷ. ಸಾವಿರಾರು ಉತ್ತರಪತ್ರಿಕೆಗಳನ್ನು ಪರೀಕ್ಷಕರು ಒಮ್ಮೆಗೇ ಮೇಜಿನ ಮೇಲೆ ಹರಡಿಕೊಳ್ಳುವುದಿಲ್ಲ. ಒಂದನ್ನು ತಿದ್ದಿ ಬದಿಗಿಟ್ಟು ಮತ್ತೊಂದನ್ನು ತೆಗೆಯುವರು. ಕ್ರಮವಿಧಿಯೂ ಕಡತವನ್ನು ಸಾಲು ಸಾಲಾಗಿ ಓದಬೇಕು. 2013ರ 5.5ನೆಯ ಆವೃತ್ತಿಯಿಂದ ದೊರೆತಿರುವ 'ಯೀಲ್ಡ್' ಎಂಬ ಪದವು ಈ ಕ್ರಮವನ್ನು ಸುಲಭಗೊಳಿಸಿದೆ.

ಇಷ್ಟಾದ ಮೇಲೂ ಬೇಡಿಕೆ ನಿಜವೆನಿಸಿದರೆ ಮಿತಿಯನ್ನು ಏರಿಸುವುದು ಯುಕ್ತ. ಗರಿಷ್ಠ ಬಳಕೆಯನ್ನು ಅಳೆದು, ಪಿ.ಎಚ್.ಪಿ.ಯ ವಿನ್ಯಾಸ ಕಡತದಲ್ಲಿ 'ಮೆಮೊರಿ ಲಿಮಿಟ್' ಎಂಬ ಸಾಲನ್ನು, ಉದಾಹರಣೆಗೆ, 256 ಮೆಗಾಬೈಟಿಗೆ ತಿದ್ದಿ, ಸೇವೆಯನ್ನು ಪುನಃ ಆರಂಭಿಸಬೇಕು. ಬಾಡಿಗೆಯ ಸರ್ವರಾದರೆ ಒಡೆಯರ ಅನುಮತಿ ಅಗತ್ಯವಾಗಬಹುದು. ಆಯವನ್ನರಿತು ವ್ಯಯ ಮಾಡುವ ವಿವೇಕ ಮನೆವಾರ್ತೆಯಲ್ಲಿ ಹೇಗೋ, ಯಂತ್ರದ ನಿರ್ವಹಣೆಯಲ್ಲೂ ಹಾಗೆಯೇ ಪ್ರಮಾಣ.