ಸಂಜೆ ಆರರಿಂದ ಒಂಬತ್ತು

ಸಂಜೆ ಆರರ ಮೇಲಿನ ಹೊತ್ತನ್ನ ನಾವು ಟಿವಿಯವರು ಪ್ರೈಮ್ ಟೈಮ್ ಅಂತೀವಿ. ಜಾಹೀರಾತಿನ ರೇಟು ಜಾಸ್ತಿ, ಡಿಬೇಟಿನ ಗದ್ದಲವೂ ಜಾಸ್ತಿ. ನನ್ನ ಸೋದರಮಾವನಿಗೂ ಅದೇ ಪ್ರೈಮ್ ಟೈಮ್. ಮಾನ್ವಿ ತಾಲೂಕಿನ ಒಂದು ಹಳ್ಳಿ, ಎಡದಂಡೆ ಕಾಲುವೆ ಕೆಳಗೆ ಮೂರು ಎಕರೆ ನೆಲ್ಲು. ಇಪ್ಪತ್ತು ವರ್ಷ ಕುಡಿದವರು ಒಂದು ದೀಪಾವಳಿ ಮುಗಿದ ಮೇಲೆ ಆಸ್ಪತ್ರೆ ಸೇರಿ, ಹತ್ತು ದಿನ ಚಿಕಿತ್ಸೆ ತಗೊಂಡು, ಕೈ ನಡುಕ ನಿಂತ ಮೇಲೆ ಮನೆಗೆ ಬಂದರು. ಅವತ್ತೇ ನನಗೆ ಫೋನ್ ಮಾಡಿದರು.

"ಅಳಿಯಾ, ಬಿಟ್ಟೆ ನೋಡಪಾ. ಈಗ ಏನ್ ಮಾಡ್ಲಿ?"

ನಾನು ಸ್ಟುಡಿಯೋಗೆ ಹೋಗೋ ಗಡಿಬಿಡಿಯಲ್ಲಿದ್ದೆ. "ಬಿಜಿ ಇರ್ರಿ ಮಾಮಾ, ಮನಸ್ಸು ಗಟ್ಟಿ ಮಾಡ್ಕೊಳ್ರಿ" ಅಂದೆ. ಎಲ್ಲರೂ ಹೇಳೋದು ಅದನ್ನೇ ಅಲ್ವಾ? ಸಂಕ್ರಾಂತಿ ಹೊತ್ತಿಗೆ ಅವರು ಮತ್ತೆ ಕುಡಿದರು. ಮನೆಯವರೆಲ್ಲ ಬೈದರು, ನಾನೂ ಬೈದೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು: ನವೆಂಬರ್, ಡಿಸೆಂಬರ್ ಎರಡು ತಿಂಗಳು ಅವರು ನಿಜವಾಗಿಯೂ ಬಿಜಿ ಇದ್ದರು. ನೆಲ್ಲು ಕೊಯ್ಲು, ಒಣಗಿಸೋದು, ಚೀಲ ತುಂಬೋದು, ಮಿಲ್ಲಿಗೆ ಹಾಕೋದು. ಜನವರಿಯಲ್ಲಿ ಗದ್ದೆ ಖಾಲಿ, ಜೇಬು ತುಂಬಿತ್ತು. ಮಾನ್ವಿ ಕಡೆ ಕಾಲುವೆಯ ಕೊನೇ ಭಾಗಕ್ಕೆ ಎರಡನೇ ಬೆಳೆಯ ನೀರು ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಆ ವರ್ಷ ಬರಲಿಲ್ಲ. ಮಾಡೋ ಕೆಲಸವೇ ಇಲ್ಲದವರಿಗೆ ನಾನು ಬಿಜಿ ಇರಿ ಅಂತ ಹೇಳಿದ್ದೆ!

ನಾನು ಓದಿದ್ದು ಇಂಜಿನಿಯರಿಂಗ್. ಕಾಲೇಜಿನಲ್ಲಿದ್ದಾಗ ಶಕ್ತಿನಗರದ ಆರ್‌ಟಿಪಿಎಸ್‌ಗೆ ಕರ್ಕೊಂಡು ಹೋಗಿದ್ದರು. 1720 ಮೆಗಾವ್ಯಾಟ್‌ನ ಸ್ಥಾವರ. ಅಲ್ಲಿನ ಇಂಜಿನಿಯರ್ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ. ಟರ್ಬೈನಿನ ಮೇಲೆ ಗ್ರಿಡ್‌ನ ಭಾರ ಇರುತ್ತೆ. ಆ ಭಾರ ಒಮ್ಮೆಲೇ ಕಳಚಿಕೊಂಡರೆ ಉಗಿ ಮಾತ್ರ ಅಷ್ಟೇ ಜೋರಾಗಿ ಬರ್ತಿರುತ್ತೆ, ತಿರುಗೋ ವೇಗ ಏರಿಬಿಡುತ್ತೆ. ಅದನ್ನ ಹಿಡಿಯೋಕೆ ಗವರ್ನರ್ ಬೇಕು. ಕುಡಿತ ಬಿಟ್ಟವರ ಮಿದುಳಲ್ಲಿ ಆಗೋದೂ ಹೆಚ್ಚುಕಡಿಮೆ ಇದೇ. ಮದ್ಯ ಮಿದುಳಿನ ವೇಗ ತಗ್ಗಿಸುತ್ತೆ. ವರ್ಷಗಟ್ಟಲೆ ಕುಡಿದರೆ ಮಿದುಳು ಆ ಭಾರಕ್ಕೆ ಸಮನಾಗಿ ತನ್ನ ಉಗಿ ಏರಿಸಿಕೊಂಡಿರುತ್ತೆ. ಒಂದು ದಿನ ದಿಢೀರ್ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆ ಇಲ್ಲ. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತೆ, ಮೈಮೇಲೆ ಅರಿವು ತಪ್ಪುತ್ತೆ, ಪ್ರಾಣಕ್ಕೂ ಬರಬಹುದು. ಅದಕ್ಕೇ ದಿನಾ ಜಾಸ್ತಿ ಕುಡಿಯೋರು ಮನೆಯಲ್ಲಿ ಬಾಗಿಲು ಹಾಕ್ಕೊಂಡು ಬಿಡೋ ಸಾಹಸ ಮಾಡಬಾರದು, ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು. ರಾಯಚೂರಿನವರಿಗೆ ಇನ್ನೊಂದು ಮಾತು. ನಮ್ಮ ಗಡಿ ಭಾಗದಲ್ಲಿ ಸಿಗೋ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಇರುತ್ತೆ. ಅದು ಬೇರೆಯೇ ಔಷಧ, ಅದರ ಚಟ ಬಿಡೋವಾಗಲೂ ಫಿಟ್ಸ್ ಬರಬಹುದು. ಸೇಂದಿ ಕುಡೀತಿದ್ದರೆ ಡಾಕ್ಟರ ಹತ್ರ ಮುಚ್ಚಿಡಬೇಡಿ.

ಇದೆಲ್ಲ ಮೊದಲ ವಾರದ ಕಥೆ. ಅದನ್ನ ಆಸ್ಪತ್ರೆ ನೋಡ್ಕೊಳ್ಳುತ್ತೆ. ಎರಡನೇ ವಾರದಿಂದ ಶುರುವಾಗೋದನ್ನ ಯಾರೂ ಹೇಳಲ್ಲ.

ಮಾವ ಆಮೇಲೆ ನನಗೆ ಹೇಳಿದ್ದು ಇಷ್ಟು: "ಹೊಟ್ಟಿ ಹಸಿತದ, ಉಣ್ಣಾಕ ರುಚಿ ಇಲ್ಲ. ಮೊಮ್ಮಗ ಬಂದು ತೊಡಿ ಮ್ಯಾಲ ಕುಂತ್ರೂ ಖುಷಿ ಆಗಂಗಿಲ್ಲ. ಸಂಜಿ ಆತಂದ್ರ ಕೈಕಾಲು ಎಲ್ಲಿ ಇಡಬೇಕೋ ತಿಳಿಯಂಗಿಲ್ಲ." ಇದನ್ನ ನಾವು ಸೋಮಾರಿತನ ಅಂದುಕೊಳ್ತೀವಿ. ಮಿದುಳಿನಲ್ಲಿ ಖುಷಿ ಕೊಡೋ ವ್ಯವಸ್ಥೆ ಇಷ್ಟು ವರ್ಷ ಬಾಟಲಿಗೆ ಮಾತ್ರ ಏಳೋದು ಕಲಿತಿತ್ತು. ಸಣ್ಣಪುಟ್ಟ ಖುಷಿಗೆ ಅದು ಏಳೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ನಿದ್ದೆಯೂ ಹಾಗೇ, ನಿಧಾನ. ಹಾಗಾಗಿ "ಮನಸ್ಸು ಬಂದ ಮೇಲೆ ಕೆಲಸ ಮಾಡ್ತೀನಿ" ಅಂತ ಕಾದರೆ ಮನಸ್ಸು ಬರೋದೇ ಇಲ್ಲ. ಮನಸ್ಸಿಲ್ಲದಿದ್ದರೂ ಕೈ ಹಚ್ಚಬೇಕು, ಮನಸ್ಸು ಹಿಂದಿನಿಂದ ಬರುತ್ತೆ. ಉಲ್ಟಾ ಅನಿಸುತ್ತೆ, ಆದರೆ ಚಿಕಿತ್ಸಕರು ಹಿಡಿಯೋ ದಾರಿ ಇದೇ.

ಇದನ್ನ ಐವತ್ತು ವರ್ಷದ ಹಿಂದೆಯೇ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಇಲಿನಾಯ್ ರಾಜ್ಯದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಜಾರ್ಜ್ ಹಂಟ್, ನೇಥನ್ ಅಜ್ರಿನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಬರೀ 16 ಜನರನ್ನ ತಗೊಂಡರು. ಎಂಟು ಜನರಿಗೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ. ಇನ್ನೆಂಟು ಜನರಿಗೆ ಅದರ ಜೊತೆ ಕೆಲಸ ಹುಡುಕಿಕೊಟ್ಟರು, ಹೆಂಡತಿ ಜೊತೆ ಕೂರಿಸಿ ಮಾತಾಡಿಸಿದರು, ಮನೆಗೆ ಪೇಪರ್ ಬರೋ ಹಾಗೆ, ರೇಡಿಯೋ, ಟಿವಿ, ಟೆಲಿಫೋನ್ ಇರೋ ಹಾಗೆ ನೋಡಿಕೊಂಡರು. ನಂಗೆ ಬಹಳ ಹಿಡಿಸಿದ್ದು ಇನ್ನೊಂದು. ಮುಚ್ಚಿದ್ದ ಒಂದು ಹಳೇ ಬಾರನ್ನೇ ಕ್ಲಬ್ ಮಾಡಿದರು. ಶನಿವಾರ ಸಂಜೆ ಅಲ್ಲಿ ಇಸ್ಪೀಟು, ಹಾಡು, ಊಟ ಎಲ್ಲ ಇತ್ತು, ಮದ್ಯ ಮಾತ್ರ ಇರಲಿಲ್ಲ. 1973ರಲ್ಲಿ ಫಲಿತಾಂಶ ಬರೆದರು. ಮಾಮೂಲಿ ಚಿಕಿತ್ಸೆಯವರು ಆಸ್ಪತ್ರೆ ಬಿಟ್ಟ ಮೇಲೆ ನೂರರಲ್ಲಿ 79ರಷ್ಟು ಹೊತ್ತು ಕುಡಿದೇ ಕಳೆದರು, ಈ ಎಂಟು ಜನ 14ರಷ್ಟು. ಸಣ್ಣ ಪರೀಕ್ಷೆ, ಒಪ್ತೀನಿ. ಆದರೆ ಆಮೇಲೆ ದೊಡ್ಡದಾಗಿ ಮಾಡಿದವರಿಗೂ ಈ ದಾರಿ ಉಪಯೋಗಕ್ಕೆ ಬಂದಿದೆ.

ಅವರು ಯಾರಿಗೂ "ಬಿಜಿ ಇರಿ" ಅನ್ನಲಿಲ್ಲ, ಗಮನಿಸಿ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ ಅಂತ ಗೊತ್ತು ಮಾಡಿಕೊಟ್ಟರು.

ನಮ್ಮ ಜಿಲ್ಲೆಗೆ ಇದನ್ನ ಹೊಂದಿಸೋದು ಹೇಗೆ? ಊರೂರಿಗೂ ಬೇರೆ. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದಿರೋ ಗಾರೆ ಕೆಲಸದವರೊಬ್ಬರು ನನಗೆ ಪರಿಚಯ. ಅವರಿಗೆ ಕೆಲಸದ ಕೊರತೆ ಇಲ್ಲ, ಮೈ ಮುರಿಯುವಷ್ಟಿದೆ. ಅವರ ಕಂಟಕ ವಾರದ ಬಟವಾಡೆ. ಕೈಗೆ ದುಡ್ಡು, ಶೆಡ್ಡಿನಲ್ಲಿ ಗೆಳೆಯರು, ಮರುದಿನ ರಜೆ. ಅವರು ಮಾಡಿದ್ದು ಏನಂದ್ರೆ, ಮೇಸ್ತ್ರಿಗೆ ಹೇಳಿ ಕೂಲಿ ನೇರ ಹೆಂಡತಿಯ ಖಾತೆಗೆ ಹಾಕಿಸಿದರು, ಬಟವಾಡೆ ದಿನ ಕತ್ತಲಾಗೋ ಮೊದಲೇ ಹೊಟ್ಟೆ ತುಂಬ ಉಂಡುಬಿಡ್ತಾರೆ. ಕೇಳೋಕೆ ಸಣ್ಣದು. ಆದರೆ ಹಸಿವು ಮತ್ತು ದಣಿವು ಎರಡೂ ಕುಡಿಯೋ ಆಸೆಯ ವೇಷ ಹಾಕ್ಕೊಂಡು ಬರ್ತವೆ. ಆ ಆಸೆ ಎದ್ದರೂ ಗಂಟೆಗಟ್ಟಲೆ ಇರಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತೆ. ಅಷ್ಟು ಹೊತ್ತು ದಾಟಿಸೋಕೆ ಒಂದು ಊಟ, ಒಂದು ಫೋನು, ಒಂದು ಸುತ್ತು ನಡಿಗೆ ಸಾಕಾಗಬಹುದು.

ರಾಯಚೂರು ಸಿಟಿಯಲ್ಲಿ ಸಮಸ್ಯೆ ದಾರಿಯದು. ಗಂಜಿನಲ್ಲಿ ಹಮಾಲಿ ಮಾಡೋರು, ಅಂಗಡಿ ಮುಚ್ಚೋರು ತೀನ್ ಕಂದೀಲ್ ಹಾದು ಮನೆಗೆ ಹೋಗೋ ದಾರಿಯಲ್ಲಿ ಹಳೇ ಅಡ್ಡೆ ಇದ್ದರೆ ಮೊದಲ ಮೂರು ತಿಂಗಳು ದಾರಿಯನ್ನೇ ಬದಲಿಸಬೇಕು. ಮಾವಿನಕೆರೆ ಸುತ್ತಿ ಹೋದರೆ ಹದಿನೈದು ನಿಮಿಷ ಜಾಸ್ತಿ ಆಗಬಹುದು, ಆಗಲಿ. ಒಗ್ಗರಣಿ ಮಿರ್ಚಿ ತಿನ್ನೋಕೆ ನಿಲ್ಲೋದಾದರೂ ಬಾರಿನ ಪಕ್ಕದ ಬಂಡಿ ಬೇಡ. ಕಾರಹುಣ್ಣಿಮೆ, ಮೊಹರಂ, ಮದುವೆ ಸೀಸನ್ ಬಂದಾಗ "ಒಂದೇ ಒಂದು" ಅನ್ನೋ ನೆಂಟರಿಗೆ ಏನು ಉತ್ತರ ಕೊಡಬೇಕು ಅಂತ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳೋದು ಒಳ್ಳೇದು. "ಡಾಕ್ಟ್ರು ಬ್ಯಾಡಂದಾರ" ಅನ್ನೋದಕ್ಕಿಂತ ಚಲೋ ಉತ್ತರ ನನಗಂತೂ ಹೊಳೆದಿಲ್ಲ.

ಜೊತೆಗೆ ಜನ ಬೇಕು. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳ ಬಗ್ಗೆ ಎಲ್ಲರಿಗೂ ಗೊತ್ತು. ಶಿಬಿರ ಮುಗಿದ ಮೇಲೆ ಬಿಟ್ಟವರೇ ಸೇರೋ ನವಜೀವನ ಸಮಿತಿ ಬಗ್ಗೆ ಕಮ್ಮಿ ಜನ ಮಾತಾಡ್ತಾರೆ. ನನ್ನ ಮಟ್ಟಿಗೆ ಶಿಬಿರಕ್ಕಿಂತ ಅದೇ ಮುಖ್ಯ. 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಲ್ಲಿ ಒಬ್ಬ ಷೇರು ವ್ಯವಹಾರದವನು, ಒಬ್ಬ ಡಾಕ್ಟರು, ಇಬ್ಬರು ಕುಡುಕರು ಸೇರಿ ಶುರು ಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ನಿಂತಿರೋದು ಇದರ ಮೇಲೇ: ಬಿಟ್ಟವನು ಬಿಡ್ತಿರೋವನ ಜೊತೆ ಕೂರೋದು. ಡಾಕ್ಟರು ಬೇಕಂದ್ರೆ ರಾಯಚೂರಿನ ರಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ. ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ 80ರ ದಶಕದಲ್ಲಿ ಮಾಡಿದ ಪ್ರಯೋಗ ನೋಡಿಯೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿದ್ದು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416, ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಡ್ಡೆಗಳ ಮಾತು ಬಂದಾಗ ಹೆಣ್ಮಕ್ಕಳನ್ನ ನೆನೀಬೇಕು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಸಾವಿರಾರು ಹೆಣ್ಮಕ್ಕಳು ನಡೆದು ಬೆಂಗಳೂರು ಮುಟ್ಟಿದರು, ಮದ್ಯ ನಿಷೇಧ ಮಾಡಿ ಅಂತ. ರಾಯಚೂರಿನವರು ಅದರಲ್ಲಿ ಮುಂದಿದ್ದರು. ಊರೊಳಗಿನ ಕಿರಾಣಿ ಅಂಗಡಿಯಲ್ಲೂ ಬಾಟಲಿ ಸಿಗುತ್ತೆ ಅನ್ನೋದು ಅವರ ದೂರು. ನಿಷೇಧದ ಬಗ್ಗೆ ನನಗೆ ಬೇರೆ ಅಭಿಪ್ರಾಯ ಇದೆ, ಅದು ಇನ್ನೊಂದು ದಿನಕ್ಕಿರಲಿ. ಆದರೆ ನಿನ್ನೆ ಬಿಟ್ಟವನ ಮನೆಯಿಂದ ಐವತ್ತು ಹೆಜ್ಜೆಗೆ ಬಾಟಲಿ ಸಿಗ್ತಿದ್ರೆ "ಮನಸ್ಸು ಗಟ್ಟಿ ಮಾಡ್ಕೋ" ಅನ್ನೋಕೆ ನಮಗೆ ಯಾವ ಮುಖ ಇದೆ?

ಮಾವ ಎರಡನೇ ಸಲ ಬಿಟ್ಟು ಎಂಟು ತಿಂಗಳಾಯ್ತು. ನಡುವೆ ಕಾರಹುಣ್ಣಿಮೆಗೆ ಒಂದು ರಾತ್ರಿ ಜಾರಿದರು. ಈ ಸಲ ಯಾರೂ ಬೈಯಲಿಲ್ಲ, ಮರುದಿನವೇ ಡಾಕ್ಟರ ಹತ್ರ ಹೋದರು. ಅತ್ತೆ ಸಾಲ ತೆಗೆದು ಒಂದು ಎಮ್ಮೆ ಕಟ್ಟಿಸಿದ್ದಾರೆ, ಈಗ ಎರಡಾಗಿವೆ. ನೆಲ್ಲಿಗೆ ನೀರು ಬರಲಿ ಬಿಡಲಿ, ಸಂಜೆ ಆರಕ್ಕೆ ಹಿಂಡಲೇಬೇಕು, ಡೈರಿಯವರು ಮುಚ್ಚೋದ್ರೊಳಗೆ ಹಾಲು ಹಾಕಲೇಬೇಕು. ದುಡ್ಡು ಖಾತೆಗೆ ಬೀಳುತ್ತೆ, ಪಾಸ್‌ಬುಕ್ ಅತ್ತೆ ಹತ್ರ. ಡೈರಿಯಿಂದ ಬಂದ ಮೇಲೆ ನನ್ನ ಫೋನು. ಏಳರ ಬುಲೆಟಿನ್‌ಗೆ ಮುಂಚೆ, 6.40ಕ್ಕೆ, ದಿನಾ.

ನಿನ್ನೆ 6.40ಕ್ಕೆ ಮಾಡಿದಾಗ ಅತ್ತೆ ಎತ್ತಿದರು. "ಕ್ಯಾನ್ ತೊಗೊಂಡು ಹೋಗ್ಯಾರಪಾ, ಇನ್ನೂ ಬಂದಿಲ್ಲ" ಅಂದರು. ದನಿ ಸ್ವಲ್ಪ ಬೇರೆ ಇತ್ತು. 6.55ಕ್ಕೂ ಬಂದಿರಲಿಲ್ಲ. ನಾನು ಹೋಗಿ ಕ್ಯಾಮೆರಾ ಮುಂದೆ ಕೂತೆ, ಏನು ಓದಿದೆನೋ ನೆನಪಿಲ್ಲ. ಮುಗಿಸಿ ಫೋನ್ ನೋಡಿದರೆ 7.10ಕ್ಕೆ ಮಿಸ್ಡ್ ಕಾಲ್ ಇತ್ತು. ತಿರುಗಿ ಮಾಡಿದೆ. ಡೈರಿಯಲ್ಲಿ ಕರೆಂಟ್ ಹೋಗಿತ್ತಂತೆ, ತೂಕದ ಮಷಿನ್ ನಡೀಲಿಲ್ಲವಂತೆ.

"ಅಲ್ಲೇ ಲೈನಿನ್ಯಾಗ ನಿಂತಿದ್ದೆ ಅಳಿಯಾ" ಅಂದರು. "ಹಾಲು ಬಿಟ್ಟು ಎಲ್ಲಿ ಹೋಗ್ಲಿ?"