ಹಿಂದೆ ನಿಂತು ಕಾಯುವವರು

ಕಾಲ್ಚೆಂಡಿನ ಆಟದಲ್ಲಿ ಗೋಲು ಹೊಡೆದವನ ಹೆಸರು ಎಲ್ಲರ ಬಾಯಲ್ಲಿರುವದು. ತಡೆದವನನ್ನು ನೆನೆಯುವವರು ವಿರಳ. ನಮ್ಮ ಬಯಲಿನಲ್ಲಿಯೂ ಹಿಂದೆ ನಿಲ್ಲಲು ಒಪ್ಪುವ ಹುಡುಗಿಯನ್ನು ಹುಡುಕಬೇಕಷ್ಟೆ! ಆದರೆ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಅಭಿಮಾನಿಗಳಿಗೆ 2013-14ರಲ್ಲಿ ತಡೆಯುವವರದೇ ಚಿಂತೆಯಾಗಿತ್ತು. 38 ಪಂದ್ಯಗಳಲ್ಲಿ ಅವರ ತಂಡವು 101 ಗೋಲುಗಳನ್ನು ಹೊಡೆದು 50ನ್ನು ಬಿಟ್ಟುಕೊಟ್ಟಿತು. 1990ರ ತರುವಾಯ ದೊರೆಯದಿದ್ದ ಲೀಗ್ ಪ್ರಶಸ್ತಿಯು ಕೈಗೆಟುಕುವಂತಿತ್ತು. 2014ನೆಯ ಮೇ 5ರಂದು ಕ್ರಿಸ್ಟಲ್ ಪ್ಯಾಲೆಸ್ ತಂಡದ ಮೇಲೆ ಮೂರು ಗೋಲುಗಳ ಮುನ್ನಡೆಯಿದ್ದರೂ, ಗೋಲುಗಳ ಅಂತರದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಸರಿಗಟ್ಟುವ ಆಶೆಯಿಂದ ಅವರು ಮುಂದಕ್ಕೇ ನುಗ್ಗಿದರು. ಮನೆಮಂದಿಯೆಲ್ಲ ಜಾತ್ರೆಗೆ ಹೋದರೆ ಬಾಗಿಲು ಕಾಯುವವರಾರು? ಆಟದ ಕೊನೆಗೆ ಹತ್ತು ನಿಮಿಷಗಳೊಳಗಾಗಿ ಮೂರು ಗೋಲುಗಳು ಬಿದ್ದು ಪಂದ್ಯವು 3-3ರಲ್ಲಿ ಸಮವಾಯಿತು. ಸುವಾರೆಸನು ಅಂಗಿಯಲ್ಲಿ ಮುಖ ಮರೆಸಿಕೊಂಡು ಅತ್ತನು. ಎರಡೇ ಅಂಕಗಳಿಂದ ಪ್ರಶಸ್ತಿಯು ಸಿಟಿಯ ಪಾಲಾಯಿತು.

ಇದು ಹಿಂದಿನ ನಾಲ್ವರ ದೋಷವೇ ಎಂದು ಹೇಳುವದು ನ್ಯಾಯವಲ್ಲ. ಚೆಂಡು ತಪ್ಪಿದ ಕೂಡಲೆ ನಡುವಿನವರು ಹಿಂದಿರುಗದಿದ್ದರೆ ಅವರ ಮುಂದೆ ಬಯಲು ತೆರೆಯುವದು. ಓಡಿಬರುವ ಎದುರಾಳಿಗೆ ಅಷ್ಟೇ ಸಾಕು.

2018ನೆಯ ಜನವರಿಯಲ್ಲಿ ಡಚ್ ರಕ್ಷಕನಾದ ವಾನ್ ಡೈಕನೂ ಅದೇ ವರ್ಷ ಬ್ರೆಜಿಲಿನ ಗೋಲಿ ಆಲಿಸನನೂ ಬಂದು ಸೇರಿದರು. 2018-19ರಲ್ಲಿ ಬಿಟ್ಟುಕೊಟ್ಟ ಗೋಲುಗಳು 22 ಮಾತ್ರ. ಆದರೂ ಲೀಗ್ ಪ್ರಶಸ್ತಿಯು ಕೈಸೇರಿದ್ದು 2020ರಲ್ಲಿ.